ರೇಷ್ಮೆ ದಾರ, ಟೆರಾಕೋಟಾ, ಕ್ವಿಲ್ಲಿಂಗ್: ಮಲೆನಾಡಿನ ಮಳೆಗೆ ಯಾವ ಜುಮುಕಿ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ರೇಷ್ಮೆ ದಾರಕ್ಕೆ. ಕೈಯಲ್ಲಿ ಮಾಡಿದ ಮೂರೂ ಬಗೆಯನ್ನು ಶಿವಮೊಗ್ಗದಲ್ಲಿ ಒಂದು ಪೂರ್ತಿ ಮಳೆಗಾಲ ಹಾಕಿ ನೋಡಿದ ಮೇಲಿನ ಮಾತು ಇದು.

ಕ್ವಿಲ್ಲಿಂಗ್, ಅಂದರೆ ಪೇಪರ್ ಪಟ್ಟಿಯನ್ನು ಸುರುಳಿ ಸುತ್ತಿ ಮಾಡಿದ್ದು, ಎಲ್ಲಕ್ಕಿಂತ ಹಗುರ. ಆದರೆ ಒಳಬದಿಗೂ ವಾರ್ನಿಷ್ ಹಚ್ಚದಿದ್ದರೆ ಆಷಾಢದ ಥಂಡಿಗೇ ಸುರುಳಿ ಉಬ್ಬಿ ಆಕಾರ ಕೆಡುತ್ತದೆ. ದೀಪಾವಳಿ ಕಳೆದ ಮೇಲೆ ಹಾಕಿ.

ಸುಟ್ಟ ಮಣ್ಣಿನ ಟೆರಾಕೋಟಾ ನೋಡಲು ಚೆಂದ, ತಕರಾರು ಇರುವುದು ತೂಕದ್ದು. ದೊಡ್ಡ ಜುಮುಕಿಯಾದರೆ ಒಂದೊಂದು ಕಿವಿಗೆ 10-15 ಗ್ರಾಂ. ತೂತು ಜೋತುಬಿದ್ದ ಕಿವಿಯವರು ಮಾಟಿ ಹಾಕಿ ಭಾರವನ್ನು ಕೂದಲಿಗೆ ಸಿಕ್ಕಿಸಬೇಕು. ಮನೆಯಲ್ಲೇ ಮಾಡುವವರು ಬೇಗ ಒಣಗಲಿ ಅಂತ ಬಚ್ಚಲ ಒಲೆಯ ಮೇಲೆ ಇಡಬೇಡಿ. ಹೊರಮೈ ಒಣಗಿ ಒಳಗೆ ಹಸಿ ಉಳಿದರೆ ಅಂಚು ಸೀಳುತ್ತದೆ, ಸುಡುವಾಗ ಆವಿ ಕಟ್ಟಿ ಸಿಡಿಯುತ್ತದೆ. ಸಡಿಲವಾಗಿ ಕಾಗದ ಮುಚ್ಚಿ ನೆರಳಲ್ಲಿ ವಾರ, ಹತ್ತು ದಿನ ಬಿಡಿ. ಕೆನ್ನೆಗೆ ತಾಗಿಸಿದಾಗ ತಣ್ಣಗಿದ್ದರೆ ಇನ್ನೂ ಹಸಿ ಇದೆ ಅಂತಲೇ ಲೆಕ್ಕ.

ರೇಷ್ಮೆ ದಾರದ್ದು ಜುಮುಕಿ ಆಕಾರದ ಪ್ಲಾಸ್ಟಿಕ್ ಬಟ್ಟಲಿನ ಮೇಲೆ ಸುತ್ತುವ ಕೆಲಸ. 15-20 ಎಳೆ ಒಟ್ಟಿಗೆ ಹಿಡಿದು, ನಡುವಿನ ತೂತಿನಿಂದ ಅಂಚಿಗೆ ಒತ್ತೊತ್ತಾಗಿ. ಅಂಟು ತೆಳ್ಳಗಿರಲಿ. ಹೆಚ್ಚಾದರೆ ದಾರ ಹೀರಿಕೊಂಡು ಕಪ್ಪು ಕಲೆ ಬೀಳುತ್ತದೆ, ಹೊಳಪು ವಾಪಸ್ ಬರಲ್ಲ. ಬಣ್ಣ ಆರಿಸುವಾಗ ದಾರದ ಉಂಡೆಯನ್ನು ಹಗಲು ಬೆಳಕಲ್ಲಿ ಕೆನ್ನೆಯ ಪಕ್ಕ ಹಿಡಿದು ನೋಡಿ. ಕಪ್ಪಗಿರುವವರಿಗೆ ಅರಿಶಿನ ಬಣ್ಣ ಒಪ್ಪಲ್ಲ ಅನ್ನುವ ಮಾತು ಅಲ್ಲೇ ಬಿದ್ದುಹೋಗುತ್ತದೆ.

ಇನ್ನು ಮೂರಕ್ಕೂ ಅಂಟಿದ ಕಾಟ: ಕಿವಿಗೆ ಸಿಕ್ಕಿಸುವ ಕೊಂಡಿ. ಹೊಳೆಯುವ ಅಗ್ಗದ ಕೊಂಡಿ ಹೆಚ್ಚಾಗಿ ಹಿತ್ತಾಳೆ, ಮೇಲೆ ನಿಕ್ಕಲ್ ಲೇಪ. ಬೆವರು, ಮಳೆನೀರು ಸೇರಿದಾಗ ನಿಕ್ಕಲ್ ಬಿಟ್ಟುಕೊಂಡು, ಅದು ಆಗದವರ ಕಿವಿ ತುರಿಸಿ ಸೋರಲು ಶುರು. ಆಗ ಹೆಂಗಸರು ಬೈದುಕೊಳ್ಳುವುದು ತಮ್ಮನ್ನೇ: "ನಂದು ಕೆಟ್ಟ ಚರ್ಮ, ಚಿನ್ನ ಬಿಟ್ಟು ಬೇರೇನೂ ಆಗಲ್ಲ." ಚರ್ಮದ್ದಲ್ಲ ತಪ್ಪು, ಲೇಪದ್ದು.

ಇಲ್ಲೇ ಇನ್ನೊಂದು ಮೋಸ. ಬೆಳ್ಳಿಯಾದರೂ ಆಗುತ್ತೆ ಅಂತ 'ಜರ್ಮನ್ ಸಿಲ್ವರ್' ತರುತ್ತಾರೆ. ಅದರಲ್ಲಿ ಬೆಳ್ಳಿಯೇ ಇಲ್ಲ. ತಾಮ್ರ, ಸತು, ಜೊತೆಗೆ ಅದೇ ನಿಕ್ಕಲ್! ನಿಕ್ಕಲ್ ಚರ್ಮಕ್ಕೆ ತಾಗದಿರಲಿ ಅಂತ ಕೊಂಡಿಗೆ ಬಣ್ಣವಿಲ್ಲದ ನೈಲ್ ಪಾಲಿಶ್ ಬಳಿದರೂ ಅದು ಕೆಲವೇ ದಿನದಲ್ಲಿ ಸವೆಯುತ್ತದೆ.

ಪರಿಹಾರ ಕೊಂಡಿ ಬದಲಿಸುವುದು. 316ಎಲ್ ಅನ್ನುವ ಸ್ಟೇನ್‌ಲೆಸ್ ಉಕ್ಕಿನದು ಕೇಳಿ. ಅದರಲ್ಲೂ ನಿಕ್ಕಲ್ ಇದೆ, ಆದರೆ ಬೆವರಿಗೆ ಸುಲಭಕ್ಕೆ ಬಿಡುವುದಿಲ್ಲ. ಅದೂ ಆಗದಿದ್ದರೆ ಟೈಟಾನಿಯಂ. ತಂತಿ 0.8 ಮಿ.ಮೀ. ದಪ್ಪ ಇರಲಿ, ತೆಳ್ಳಗಿದ್ದಷ್ಟೂ ಹಾಲೆಯನ್ನು ಕೊಯ್ಯುತ್ತದೆ. ಜೋಡಿಸುವ ಉಂಗುರವನ್ನು ಎರಡು ಇಕ್ಕಳದಲ್ಲಿ ಹಿಡಿದು ಒಂದು ತುದಿ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ತಿರುಚಿ ತೆರೆಯಿರಿ. ಅಗಲಕ್ಕೆ ಎಳೆದರೆ ಮತ್ತೆ ಸರಿಯಾಗಿ ಮುಚ್ಚಲ್ಲ, ಆ ಸಂದಿಗೆ ದಾರ ಸಿಕ್ಕಿ ಎಳೆ ಬಿಡುತ್ತದೆ. ತುರಿಕೆ ಎದ್ದಿರುವ ಕಿವಿಗೆ ಮಾತ್ರ ಗಾಯ ಮಾಯುವ ತನಕ ಏನೂ ಬೇಡ.

ಕೊಂಡಿ ಬದಲಿಸಿದ ಮೇಲೂ ರೇಷ್ಮೆ ದಾರವೇ ಯಾಕೆ? ದಿನಾ ಸ್ಕೂಟಿ, ತಲೆಗೆ ಹೆಲ್ಮೆಟ್. ಟೆರಾಕೋಟಾ ಹೆಲ್ಮೆಟ್ಟಿನ ಪಟ್ಟಿಗೆ ತಾಗಿ ಒಡೆದರೆ ಮುಗಿಯಿತು. ದಾರ ಹಾಳಾದರೆ ಬಿಚ್ಚಿ, ಅದೇ ಬಟ್ಟಲಿಗೆ ಬೇರೆ ಬಣ್ಣ ಸುತ್ತಿದರಾಯಿತು, ಖರ್ಚು ಒಂದು ಉಂಡೆ ದಾರದ್ದು. ಮದುವೆ, ಹಬ್ಬಕ್ಕಷ್ಟೇ ಹಾಕುವವರು ಟೆರಾಕೋಟಾವನ್ನೇ ತಗೊಳ್ಳಿ, ಮಾಟಿ ಮರೆಯಬೇಡಿ. ದಾರದ್ದನ್ನು ಒದ್ದೆ ಇರುವಾಗ ಡಬ್ಬಿಗೆ ಹಾಕಿದರೆ ಬೂಷ್ಟು ಗ್ಯಾರಂಟಿ. ರಾತ್ರಿಯಿಡೀ ಹೊರಗಿಟ್ಟು, ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣದ ಜೊತೆ ಮುಚ್ಚಿಡಿ.