ಕಾರಿನ ಗಾಳಿ ಪಂಪು: ಪೀಣ್ಯದ ರಸ್ತೆಯಲ್ಲಿ ಎರಡು ಮಳೆಗಾಲ

ಮೊದಲೇ ಹೇಳಿಬಿಡುತ್ತೇನೆ, ಕಾರಿನ ಸಾಕೆಟ್ಟಿಗೆ ಸಿಕ್ಕಿಸಿ ಟೈರಿಗೆ ಗಾಳಿ ತುಂಬುವ ಈ ಪಂಪಿನ ಹಿತ್ತಾಳೆ ಮೂತಿ ನನಗೆ ಕಂಡರಾಗುವುದಿಲ್ಲ. ವಾಲ್ವಿಗೆ ತಿರುಗಿಸಿ ಕೂರಿಸುವ ಮೂತಿ. ಹಾಕುವಾಗ ತೊಂದರೆ ಇಲ್ಲ. ಬಿಚ್ಚುವಾಗ ಸುತ್ತು ಸುತ್ತು ತಿರುಗಿಸುತ್ತಲೇ ಇರಬೇಕು, ಅಷ್ಟೂ ಹೊತ್ತು ಗಾಳಿ ಬುಸ್ ಅಂತ ಹೋಗುತ್ತಿರುತ್ತದೆ. 33 ಪಿಎಸ್ಐ (ಟೈರಿನ ಗಾಳಿಯ ಒತ್ತಡ ಅಳೆಯುವ ಲೆಕ್ಕ) ತುಂಬಿಸಿದರೆ ಉಳಿಯುವುದು 32. ಹಾಗಾಗಿ ನಾನು 34ಕ್ಕೇ ನಿಲ್ಲಿಸುತ್ತೇನೆ. ಸಾಲದ್ದಕ್ಕೆ ಪಂಪು ಸ್ವಲ್ಪ ಹೊತ್ತು ಓಡಿದರೆ ಮೂತಿ ಚೆನ್ನಾಗಿ ಕಾದಿರುತ್ತದೆ. ಬರಿಗೈಯಲ್ಲಿ ಮುಟ್ಟಿದರೆ ಚುರ್ ಅನ್ನುತ್ತದೆ. ಇದಕ್ಕೆಂದೇ ಡಿಕ್ಕಿಯಲ್ಲಿ ಹಳೆಯ ಕಾಲುಚೀಲ ಇಟ್ಟಿದ್ದೇನೆ. ಸುಮಾರು ಎರಡು ಸಾವಿರ ಕೊಟ್ಟು ತಂದ ವಸ್ತುವಿಗೆ ಕಾಲುಚೀಲದ ಆರೈಕೆ!

ಆದರೂ ಇದನ್ನು ವಾಪಸ್ ಕೊಡಲಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ನಾನು ದಿನಾ ಓಡಾಡುವ ದಾರಿ ನೋಡಬೇಕು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಬೇಕಂತಲೇ ಮೊಳೆ ಚೆಲ್ಲುತ್ತಾರೆ ಎಂಬ ಸುದ್ದಿ ನೀವೂ ಓದಿರುತ್ತೀರಿ. ಟ್ರಾಫಿಕ್ ಪೊಲೀಸರು ರಸ್ತೆಯಲ್ಲಿ ಮೊಳೆ ಆಯ್ದದ್ದೂ ಉಂಟು. ನಾನು ಓಡಾಡುವ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಯಾರೂ ಕಷ್ಟಪಟ್ಟು ಚೆಲ್ಲಬೇಕಿಲ್ಲ. ಲೇತ್ ಮೆಷಿನ್ನಿನ ಚೂರು, ಸ್ಕ್ರೂ, ಪ್ಯಾಕಿಂಗ್ ಮರದ ಪೆಟ್ಟಿಗೆಯಿಂದ ಉದುರಿದ ಮೊಳೆ, ಎಲ್ಲ ತಾನಾಗಿಯೇ ರಸ್ತೆಗೆ ಬರುತ್ತದೆ. ಗುಜರಿ ತುಂಬಿದ ಟೆಂಪೋ ಹಂಪ್ ಹಾರಿತೆಂದರೆ ಹಿಂದೆ ಬರುವವರ ಪಾಲಿಗೆ ಒಂದಿಷ್ಟು ಪ್ರಸಾದ.

ಇದೆಲ್ಲ ಓಡುವ ಗಾಡಿಗಳ ಚಕ್ರಕ್ಕೆ ಸಿಕ್ಕಿ ಸಿಡಿದು ರಸ್ತೆಯ ಅಂಚಿಗೆ ಸೇರುತ್ತದೆ. ಪಂಚರ್ ಹಿಂದಿನ ಟೈರಿಗೇ ಜಾಸ್ತಿ ಆಗುವುದನ್ನು ಗಮನಿಸಿದ್ದೀರಾ? ಮಲಗಿದ್ದ ಮೊಳೆಯನ್ನು ಮುಂದಿನ ಚಕ್ರ ಎಬ್ಬಿಸುತ್ತದೆ, ಎದ್ದು ನಿಂತದ್ದು ಹಿಂದಿನದಕ್ಕೆ ನಾಟುತ್ತದೆ. ಮಳೆಗಾಲದಲ್ಲಂತೂ ಕೇಳಲೇಬೇಡಿ. ನೀರು ಮೂಲೆಯ ಕಸವನ್ನು ನಡುರಸ್ತೆಗೆ ತರುತ್ತದೆ. ಒದ್ದೆ ರಬ್ಬರಿಗೆ ಚೂಪಾದದ್ದು ಸಲೀಸಾಗಿ ಇಳಿಯುತ್ತದೆ.

ಈಗ ನನ್ನ ಭಾನುವಾರದ ಕೆಲಸಕ್ಕೆ ಬರೋಣ. ಕಾರು ಹೊರಗೆ ತೆಗೆಯುವ ಮೊದಲೇ, ಟೈರ್ ತಣ್ಣಗಿರುವಾಗಲೇ ಅಳೆಯಬೇಕು. ಓಡಿಸಿ ಬಂದು ನೋಡಿದರೆ ಎರಡು ಮೂರು ಪಿಎಸ್ಐ ಜಾಸ್ತಿ ತೋರಿಸುತ್ತದೆ, ಆ ಲೆಕ್ಕ ಉಪಯೋಗಕ್ಕೆ ಬಾರದು. ಪಂಪಿನ ಸದ್ದು ಮಿಕ್ಸಿಗಿಂತ ಜೋರು. ಮೇಲಿನ ಮನೆಯ ಅಜ್ಜ ಒಂದು ಸಲ ಬಾಲ್ಕನಿಯಿಂದ ಬಗ್ಗಿ ನೋಡಿದ ಮೇಲೆ ಏಳು ಗಂಟೆಗೆ ಮೊದಲು ಸ್ವಿಚ್ ಒತ್ತುವುದಿಲ್ಲ. ಮೊದಲು ಪಂಪಿನಲ್ಲಿ ನಾಲ್ಕೂ ಟೈರಿನ ಒತ್ತಡದ ಅಂಕಿ ನೋಡಿ ಗ್ಲೋವ್ ಬಾಕ್ಸಿನ ಪುಟ್ಟ ಡೈರಿಯಲ್ಲಿ ಬರೆಯುತ್ತೇನೆ. ಆಮೇಲೆ ಚಪ್ಪಟೆ ಸ್ಕ್ರೂಡ್ರೈವರ್ ಹಿಡಿದು ಕುಕ್ಕರಗಾಲಲ್ಲಿ ಕೂತು, ಟೈರಿನ ಹಲ್ಲುಗಳ ಸಂದಿಯಲ್ಲಿ ಸಿಕ್ಕಿಕೊಂಡ ಜಲ್ಲಿ ಒಂದೊಂದೇ ಕೀಳುವುದು. ಅಷ್ಟರಲ್ಲಿ ಕಾಫಿ ಬರುತ್ತದೆ. ವಾರದಲ್ಲಿ ಇಷ್ಟು ನೆಮ್ಮದಿಯ ಅರ್ಧ ಗಂಟೆ ನನಗೆ ಬೇರೆ ಸಿಗುವುದಿಲ್ಲ, ನಿಜವಾಗಲೂ.

ಪಂಪು ನನ್ನನ್ನು ಗೆದ್ದದ್ದು ಗಾಳಿ ತುಂಬಿ ಅಲ್ಲ, ಈ ಅಂಕಿ ಕೊಟ್ಟು. ಚೆನ್ನಾಗಿರುವ ಟೈರಿನಿಂದಲೂ ತಿಂಗಳಿಗೆ ಒಂದೆರಡು ಪಿಎಸ್ಐ ತಾನಾಗಿ ಇಳಿಯುತ್ತದೆ. ಒಂದು ಸಲ ಎಡ ಹಿಂದಿನದು ಮಾತ್ರ ಒಂದೇ ವಾರದಲ್ಲಿ ನಾಲ್ಕು ಇಳಿದಿತ್ತು. ಕಣ್ಣಿಗೆ ಏನೂ ಕಾಣದು. ಸೋಪಿನ ನೀರು ಹಾಕಿದರೆ ಗುಳ್ಳೆ ಬಂತು. ನೋಡಿದರೆ ಸ್ಕ್ರೂ! ತಲೆ ಸವೆದು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಟ್ಯೂಬ್‌ಲೆಸ್ ಟೈರಿನಲ್ಲಿ ಹೀಗೇ, ಚುಚ್ಚಿದ್ದೇ ಬಿರಡೆಯಾಗಿ ಕೂತಿರುತ್ತದೆ. ಕೀಳದೆ ಹಾಗೇ ಪಂಚರ್ ಅಂಗಡಿಗೆ ಹೋದೆ, ತೂತಿಗೆ ರಬ್ಬರ್ ಸ್ಟ್ರಿಪ್ ಹಾಕಿಸಿದೆ, ಮುಗಿಯಿತು. ಗೊತ್ತಾಗದೆ ಕಡಿಮೆ ಗಾಳಿಯಲ್ಲೇ ಓಡಿಸಿದ್ದರೆ ಟೈರಿನ ಪಕ್ಕೆ ಬಗ್ಗಿ ಬಗ್ಗಿ ಕಾದು ಒಳಗೇ ಸವೆಯುತ್ತಿತ್ತು. ಗುಂಡಿಗೆ ಇಳಿದಾಗ ಏಟು ಸೀದಾ ರಿಮ್ಮಿಗೆ ಬೀಳುತ್ತಿತ್ತು.

ಇಲ್ಲಿಗೇ ನಿಲ್ಲಿಸಿದ್ದರೆ ಐದು ಸ್ಟಾರ್ ಕೊಡುತ್ತಿದ್ದೆ. ಆದರೆ ಹೋದ ಮಳೆಗಾಲದಲ್ಲಿ ತುಮಕೂರು ರಸ್ತೆಯಲ್ಲಿ ರಾತ್ರಿ ಬರುವಾಗ, ಯಾವುದೋ ಲಾರಿಯಿಂದ ಬಿದ್ದಿದ್ದ ಕಬ್ಬಿಣದ ಪಟ್ಟಿ ಟೈರಿನ ಪಕ್ಕೆಯನ್ನು ಸೀಳಿತು. ಪಂಪು ಕೂಗಿತು, ತುಂಬಿದ್ದಷ್ಟೂ ಸೀಳಿನಿಂದ ಹೊರಗೆ. ಅಂಕಿ ಸೊನ್ನೆ ಬಿಟ್ಟು ಏಳಲಿಲ್ಲ. ಸ್ಟೆಪ್ನಿ ಹಾಕಿಕೊಂಡು ಮನೆ ಸೇರಿದೆ. ಮರುದಿನ ಪಂಚರ್ ಅಂಗಡಿಯವನು ನೋಡಿ, "ಸೈಡ್ ವಾಲ್ ಸಾರ್, ಇದಕ್ಕೆ ಪಂಚರ್ ಹಾಕಲ್ಲ" ಅಂದ. ಅವನು ಹೇಳಿದ್ದು ಸರಿ. ರಸ್ತೆಗೆ ತಾಗುವ ದಪ್ಪ ಭಾಗಕ್ಕೆ ಮಾತ್ರ ರಿಪೇರಿ ನಿಲ್ಲುತ್ತದೆ. ಪಕ್ಕೆ ಪ್ರತಿ ಸುತ್ತಿಗೂ ಬಗ್ಗುತ್ತದೆ, ಅಲ್ಲಿ ಏನೂ ಹಿಡಿಯುವುದಿಲ್ಲ.

ಇನ್ಶೂರೆನ್ಸಿನವರನ್ನು ಕೇಳಿದೆ. ಮಾಮೂಲಿ ಪಾಲಿಸಿಯಲ್ಲಿ ಬರೀ ಟೈರ್ ಹೋದರೆ ಏನೂ ಇಲ್ಲ. ಅದೇ ಏಟಿಗೆ ಗಾಡಿಗೂ ಪೆಟ್ಟಾಗಿರಬೇಕು, ಆಗಲೂ ಟೈರಿನ ಬೆಲೆಯಲ್ಲಿ ಅರ್ಧ ಮಾತ್ರ. ಟೈರಿಗೆ ಬೇರೆ ಆಡ್-ಆನ್, ಅಂದರೆ ಪಾಲಿಸಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ರಕ್ಷಣೆ, ಸಿಗುತ್ತದೆ, ನನ್ನದರಲ್ಲಿ ಇರಲಿಲ್ಲ. ಹೊಸ ಟೈರಿಗೆ ಪಂಪಿನ ಎರಡರಷ್ಟಕ್ಕಿಂತ ಜಾಸ್ತಿ ಹೋಯಿತು.

ಅವತ್ತಿನಿಂದ ಭಾನುವಾರದ ಪಟ್ಟಿಗೆ ಐದನೇ ಅಂಕಿ ಸೇರಿದೆ, ಸ್ಟೆಪ್ನಿಯದು. ನನ್ನ ಭಾಮೈದನ ಹೊಸ ಕಾರಿನಲ್ಲಿ ಸ್ಟೆಪ್ನಿಯೇ ಇಲ್ಲ. 2020ರಲ್ಲಿ ಕೇಂದ್ರದ ನಿಯಮ ಬದಲಾಯಿತು. ಟೈರಿನ ಗಾಳಿ ತೋರಿಸುವ ಸೆನ್ಸರ್, ರಿಪೇರಿ ಕಿಟ್ ಇದ್ದರೆ ಟ್ಯೂಬ್‌ಲೆಸ್ ಟೈರಿನ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. "ಡಿಕ್ಕಿಯಲ್ಲಿ ಎಷ್ಟು ಜಾಗ ನೋಡಿ ಭಾವ" ಅಂತ ಅವನಿಗೆ ಖುಷಿ. ಆ ರಾತ್ರಿ ಅವನ ಕಾರಾಗಿದ್ದರೆ ಟೋಯಿಂಗ್ ಗಾಡಿಗೆ ಕಾಯುತ್ತಾ ರಸ್ತೆ ಪಕ್ಕ ನಿಲ್ಲಬೇಕಿತ್ತು.

ನನ್ನ ಲೆಕ್ಕದಲ್ಲಿ ಮೂರೂವರೆ ಸ್ಟಾರ್. ಮನೆ ಹತ್ತಿರದ ಬಂಕಿನಲ್ಲಿ ಗಾಳಿ ಮೆಷಿನ್ ಕೆಟ್ಟಿರದಿದ್ದರೆ, ನಿಮ್ಮ ದಾರಿ ಚೊಕ್ಕಟವಾಗಿದ್ದರೆ, ಸುಮ್ನೆ ದುಡ್ಡು ಹಾಕಬೇಡಿ, ಗಾಳಿ ಅಳೆಯುವ ಒಂದು ಒಳ್ಳೆಯ ಗೇಜ್ ಸಾಕು. ಕೊಳ್ಳುವುದೇ ಆದರೆ ವೈರಿನ ಉದ್ದ ನೋಡಿಕೊಳ್ಳಿ. ಡ್ಯಾಶ್‌ಬೋರ್ಡಿನ ಸಾಕೆಟ್ಟಿನಿಂದ ಹಿಂದಿನ ಚಕ್ರದವರೆಗೆ ಬರಬೇಕು. ನನ್ನದು ಬಲಗಡೆಗೆ ಬರುತ್ತದೆ. ಎಡಗಡೆಗೆ ಬೇಕೆಂದರೆ ಆ ಕಡೆಯ ಬಾಗಿಲಿನಿಂದ ವೈರ್ ಎಳೆದು, ಪಂಪನ್ನು ನೆಲಕ್ಕಿಡದೆ ಒಂದು ಕೈಯಲ್ಲಿ ಎತ್ತಿ ಹಿಡಿದು ನಿಲ್ಲಬೇಕು.