ಕಟ್ಟೆನಾ, ಸ್ಟೀಲ್ ಟಬ್ಬಾ? ನಾಯಿ ಪಾರ್ಲರ್‌ಗೆ ತಂದಿದ್ದು, ಬೇಡವೆಂದು ಹೊರಗಿಟ್ಟಿದ್ದು

ಬೆಂಗಳೂರಿನ ವಿಜಯನಗರದಲ್ಲಿ ನಮ್ಮದು 10 ಅಡಿಗೆ 22 ಅಡಿಯ ಬಾಡಿಗೆ ಮಳಿಗೆ. ಮೊದಲು ಅಲ್ಲಿ ಟೈಲರ್ ಅಂಗಡಿ ಇತ್ತು. ನಾಯಿಗಳಿಗೆ ಸ್ನಾನ ಮಾಡಿಸಿ ಕೂದಲು ಕತ್ತರಿಸುವ ಅಂಗಡಿ ಅಂದಾಗ ಮಾಲೀಕರು ನಕ್ಕು, ‘ಮನುಷ್ಯರಿಗೇ ಕಟಿಂಗ್‌ಗೆ ಪುರುಸೊತ್ತಿಲ್ಲ, ನಾಯಿಗಳಿಗೇನಮ್ಮಾ’ ಅಂದಿದ್ದರು. ಈಗ ಅವರ ಮನೆಯ ಪೊಮೇರಿಯನ್‌ಗೇ ಭಾನುವಾರ ಜಾಗ ಸಿಗುವುದಿಲ್ಲ.

ಹೊಸದಾಗಿ ಶುರು ಮಾಡುವವರು ಫೋನ್ ಮಾಡಿ, ‘ಅಕ್ಕಾ, ಯಾವ ಟೇಬಲ್ ತಗೊಳ್ಳಲಿ?’ ಅಂತ ಕೇಳುತ್ತಾರೆ. ಎಲ್ಲರೂ ನಾಯಿಯನ್ನು ನಿಲ್ಲಿಸಿ ಕೂದಲು ಕತ್ತರಿಸುವ ಟೇಬಲ್‌ನಿಂದಲೇ ಶುರು ಮಾಡುತ್ತಾರೆ. ನಾನೂ ಹಾಗೇ ಮಾಡಿದ್ದೆ. ಫೋಟೋದಲ್ಲಿ ಚೆನ್ನಾಗಿ ಕಾಣುವುದು ಅದೇ ತಾನೇ. ಆದರೆ ಆರು ವರ್ಷದಲ್ಲಿ ನನ್ನ ಬೆನ್ನು ಹಿಡಿಸಿದ್ದು ಟಬ್, ದಿನದ ಲೆಕ್ಕ ತಪ್ಪಿಸಿದ್ದು ಡ್ರೈಯರ್. ಅದಕ್ಕೇ ಅವೆರಡರ ಬಗ್ಗೆ ಜಾಸ್ತಿ ಬರೆಯುತ್ತೇನೆ.

ಸ್ನಾನದ ಜಾಗ

ಮೊದಲು ಕಟ್ಟಿಸಿದ್ದು ಟೈಲ್ಸ್ ಹಾಕಿದ ಕಟ್ಟೆ. ಇಟ್ಟಿಗೆ, ಸಿಮೆಂಟು, ಮೂರು ಕಡೆ ಗಿಡ್ಡ ಗೋಡೆ. ಎತ್ತರ ಎಷ್ಟಿರಬೇಕು ಅಂತ ಕೇಳುವ ಹೊತ್ತಿಗೆ ನಾನು ಅಂಗಡಿಯಲ್ಲಿ ಇರಲಿಲ್ಲ. ಮೇಸ್ತ್ರಿ ತಮ್ಮ ಸೊಂಟಕ್ಕೇ ಕೈ ಇಟ್ಟು ಅಳತೆ ತೆಗೆದುಕೊಂಡರಂತೆ. ಅವರು ಆರಡಿ ಆಳು, ನಾನು ಐದಡಿ ಎರಡಿಂಚು. ಒಂದು ವರ್ಷ ಮಣೆ ಮೇಲೆ ನಿಂತೇ ಲ್ಯಾಬ್ರಡಾರ್‌ಗಳಿಗೆ ನೀರು ಹೊಯ್ದೆ. ಒದ್ದೆ ಮಣೆ, ಸೋಪಿನ ನೀರು, ಎಳೆದಾಡುವ ನಾಯಿ. ಬೀಳದೇ ಇದ್ದದ್ದು ನನ್ನ ಪುಣ್ಯ.

ಕಟ್ಟೆಯಲ್ಲಿ ಒಳ್ಳೆಯದೂ ಇದೆ. ಅಲ್ಲಾಡುವುದಿಲ್ಲ, ಸದ್ದು ಮಾಡುವುದಿಲ್ಲ. ಹೆದರುವ ನಾಯಿ ಅದರ ಮೇಲೆ ಬೇಗ ಸುಮ್ಮನಾಗುತ್ತದೆ. ಖರ್ಚೂ ಕಡಿಮೆ. ತೊಂದರೆ ಇರುವುದು ಟೈಲ್ಸ್ ಸಂದಿನಲ್ಲಿ. ಆರು ತಿಂಗಳಿಗೆ ಸಂದಿನ ಬಿಳಿ ಸಿಮೆಂಟು ಕಪ್ಪಾಯಿತು, ಕೂದಲು ಒಳಗೆ ಕೂತಿತು, ಎಷ್ಟು ಉಜ್ಜಿದರೂ ಮಳೆಗಾಲದಲ್ಲಿ ಒದ್ದೆ ನಾಯಿಯ ವಾಸನೆ ಹೋಗಲೇ ಇಲ್ಲ. ಜೊತೆಗೆ ವಾಟ, ಅಂದರೆ ನೀರು ಹರಿಯುವ ಇಳಿಜಾರು, ತಪ್ಪಿತ್ತು. ನೀರು ನಹಾನಿ ಟ್ರ್ಯಾಪ್ (ನೀರು ಹೊರಹೋಗುವ ಜಾಲರಿ ತೂತು) ಕಡೆ ಹೋಗದೆ ಮೂಲೆಯ ಗೋಡೆಗೆ ಹೋಗಿ ನಿಲ್ಲುತ್ತಿತ್ತು. ಪಕ್ಕದ ಝೆರಾಕ್ಸ್ ಅಂಗಡಿಯವರು ಒಂದು ದಿನ ಒದ್ದೆ ಪೇಪರ್ ಬಂಡಲ್ ತಂದು ನನ್ನ ಮುಂದೆ ಇಟ್ಟರು. ಕಟ್ಟೆ ಒಡೆಸಿದ್ದು ಅದಾದ ಮೇಲೆ.

ಸ್ಟೀಲ್ ಟಬ್ ಮಾಡಿಸಲು ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹೋದೆ. ಬೇಗ ತುಕ್ಕು ಹಿಡಿಯದ 304 ಗ್ರೇಡ್ ಸ್ಟೀಲ್ ಬೇಕು ಅಂದೆ. ಫ್ಯಾಬ್ರಿಕೇಶನ್‌ನವರು ಶೀಟಿಗೆ ಮ್ಯಾಗ್ನೆಟ್ ಹಿಡಿದು, ‘ನೋಡಿ ಮೇಡಂ, ಅಂಟಲ್ಲ, ಅಪ್ಪಟ 304’ ಅಂದರು. ನಂಬಿ ಅಡ್ವಾನ್ಸ್ ಕೊಟ್ಟೆ. ಎಂಟು ತಿಂಗಳಿಗೆ ವೆಲ್ಡಿಂಗ್ ಗೆರೆಯ ಉದ್ದಕ್ಕೂ ಕಂದು ಚುಕ್ಕೆ ಎದ್ದವು. ಆಮೇಲೆ ಗೊತ್ತಾಯಿತು: 202 ಗ್ರೇಡ್‌ಗೂ ಮ್ಯಾಗ್ನೆಟ್ ಅಂಟುವುದಿಲ್ಲ. ಅದರಲ್ಲಿ ನಿಕಲ್ ಕಡಿಮೆ, ಮ್ಯಾಂಗನೀಸ್ ಜಾಸ್ತಿ. ಬೆಲೆ ಕಡಿಮೆ, ತುಕ್ಕು ಬೇಗ. ಪರೀಕ್ಷೆ ಮಾಡಲು ಒಂದು ಲಿಕ್ವಿಡ್ ಸಿಗುತ್ತದೆ. ಶೀಟಿನ ಮೇಲೆ ಒಂದು ಹನಿ ಬಿಟ್ಟು ಸಣ್ಣ ಬ್ಯಾಟರಿ ಮುಟ್ಟಿಸಿದರೆ 202 ಕೆಂಪಗಾಗುತ್ತದೆ. ಎರಡನೇ ಟಬ್ ಮಾಡಿಸುವಾಗ ಆ ಬಾಟಲಿ ನನ್ನ ಬ್ಯಾಗಿನಲ್ಲೇ ಇತ್ತು. ಬೇರೆಯವರ ಹತ್ತಿರ ಮಾಡಿಸಿದೆ ಅನ್ನಿ. 304, 18 ಗೇಜ್ ದಪ್ಪ, ಒಂದು ಬದಿಗೆ ಬಾಗಿಲು, ಮೂರು ಮೆಟ್ಟಿಲಿನ ರ‍್ಯಾಂಪ್. ಅದಿನ್ನೂ ಹೊಳೆಯುತ್ತಿದೆ. ಆದರೆ 304 ಅಂತ ಬ್ಲೀಚ್ ಸುರಿದು ಬಿಡಬೇಡಿ, ಅದೂ ಚುಕ್ಕೆ ಬೀಳುತ್ತದೆ.

ಸ್ಟೀಲ್ ಟಬ್‌ನ ದೊಡ್ಡ ದೋಷ ಸದ್ದು. ನಾಯಿ ಉಗುರು ತಾಗಿದರೆ ಟಿಣ್ ಅನ್ನುತ್ತದೆ, ಷವರ್ ಬಿಟ್ಟರೆ ತಗಡಿನ ಮಾಡಿನ ಮೇಲೆ ಮಳೆ ಬಂದ ಹಾಗೆ. ತಳದ ಕೆಳಗೆ ದಪ್ಪ ರಬ್ಬರ್ ಶೀಟ್ ಅಂಟಿಸಿ, ಒಳಗೆ ಹಳೇ ಯೋಗ ಮ್ಯಾಟ್ ಕತ್ತರಿಸಿ ಹಾಸಿದ ಮೇಲೆ ಮುಕ್ಕಾಲು ಪಾಲು ನಿಂತಿತು. ಬಾಗಿಲಿನ ರಬ್ಬರ್ ಪಟ್ಟಿ ವರ್ಷಕ್ಕೊಮ್ಮೆ ಬದಲಿಸಬೇಕು. ಇಷ್ಟಾದರೂ ನನ್ನ ಓಟು ಸ್ಟೀಲ್‌ಗೇ. 35 ಕೆಜಿಯ ನಾಯಿ ತಾನಾಗಿ ಮೆಟ್ಟಿಲು ಹತ್ತಿ ಒಳಗೆ ಹೋಗುತ್ತದಲ್ಲ, ಆ ಒಂದು ಸುಖಕ್ಕೆ. ಅಂಗಡಿ ಖಾಲಿ ಮಾಡಿದರೆ ಹೊತ್ತುಕೊಂಡೂ ಹೋಗಬಹುದು. ಕಟ್ಟೆಯನ್ನು ಹೊತ್ತುಕೊಂಡು ಹೋಗೋಕಾಗುತ್ತಾ?

ಬಿಸಿನೀರಿಗೆ ಮೊದಲು 25 ಲೀಟರಿನ ಗೀಸರ್ ಇತ್ತು. ಲೆಕ್ಕ ಸರಳ. 60 ಡಿಗ್ರಿಯ ಆ ನೀರಿಗೆ ತಣ್ಣೀರು ಬೆರೆಸಿ 37 ಡಿಗ್ರಿಗೆ ತಂದರೆ ಸುಮಾರು 65-70 ಲೀಟರ್ ಸಿಗುತ್ತದೆ. ಒಂದು ಲ್ಯಾಬ್ರಡಾರ್‌ಗೆ ನಮ್ಮಲ್ಲಿ 50-60 ಲೀಟರ್ ಹಿಡಿಯುತ್ತದೆ. ಮುಂದಿನ ನಾಯಿಗೆ ಅರ್ಧ ಗಂಟೆ ಕಾಯಬೇಕು. ಗ್ಯಾಸ್ ಗೀಸರ್‌ನಲ್ಲಿ ಕಾಯುವ ಮಾತೇ ಇಲ್ಲ, ಆದರೆ ಮುಚ್ಚಿದ ಕೋಣೆಯಲ್ಲಿ ಅದರ ಹೊಗೆ ಜೀವ ತೆಗೆಯುತ್ತದೆ. ನಮ್ಮ ಸ್ನಾನದ ಜಾಗ ಅಂಗಡಿಯ ಹಿಂದುಗಡೆ, ಕಿಟಕಿ ಇಲ್ಲ. ಹಾಗಾಗಿ ಆ ಯೋಚನೆ ಅಲ್ಲಿಗೇ ಬಿಟ್ಟು, 50 ಲೀಟರಿನ ಗೀಸರ್ ಹಾಕಿಸಿದೆ. ನಮ್ಮ ಬೋರ್ ನೀರು ಗಡಸು, ಕಾಯಿಲ್ ಮೇಲೆ ಸುಣ್ಣ ಕಟ್ಟುತ್ತದೆ. ಶ್ಯಾಂಪೂ ನೊರೆ ಬರುವುದಿಲ್ಲ ಅಂತ ಜಾಸ್ತಿ ಸುರಿಯುತ್ತೇವೆ, ಅದನ್ನು ತೊಳೆಯಲು ಮತ್ತೆ ನೀರು. ಕಾವೇರಿ ನೀರು ಬರುವ ದಿನ ಅದೇ ಶ್ಯಾಂಪೂ ಅರ್ಧದಷ್ಟೇ ಸಾಕಾಗುತ್ತದೆ. 2024ರ ಮಾರ್ಚ್‌ನಲ್ಲಿ ಬೋರ್ ಬತ್ತಿ ಟ್ಯಾಂಕರ್ ತರಿಸುತ್ತಿದ್ದಾಗ, ಷವರ್ ಹಿಡಿಯಲ್ಲೇ ನೀರು ನಿಲ್ಲಿಸುವ ಗುಂಡಿ ಇರುವ ಮಾದರಿ ತಂದೆ. ಅದನ್ನು ಮೊದಲೇ ತರಬೇಕಿತ್ತು.

ಒಣಗಿಸುವುದು

ಇಲ್ಲಿ ಮೂರು ಪ್ರಯೋಗ ಆಯಿತು. ಸ್ಟ್ಯಾಂಡ್ ಡ್ರೈಯರ್, ಬಾಕ್ಸ್ ಡ್ರೈಯರ್, ಬ್ಲೋವರ್.

ಸ್ಟ್ಯಾಂಡ್ ಡ್ರೈಯರ್ ಅಂದರೆ ನಮ್ಮ ಕೂದಲಿನ ಡ್ರೈಯರ್‌ನ ದೊಡ್ಡಣ್ಣ. ಗಾಳಿ ಬಿಸಿ, ಒತ್ತಡ ಕಡಿಮೆ. ಎರಡೂ ಕೈ ಬಿಡುವಾಗಿರುತ್ತವೆ. ಉದ್ದ ಕೂದಲಿನ ಸಣ್ಣ ತಳಿ ಶಿಟ್ಸುಗೆ ಬ್ರಷ್ ಮಾಡುತ್ತಾ ಒಣಗಿಸಿದರೆ ಕೂದಲು ರೇಷ್ಮೆ ಹಾಗೆ ನೇರ ಬರುತ್ತದೆ. ಗೋಲ್ಡನ್ ರಿಟ್ರೀವರ್ ಹತ್ತಿರ ಅದರ ಆಟ ನಡೆಯುವುದಿಲ್ಲ. ಮೇಲಿನ ಕೂದಲು ಒಣಗಿರುತ್ತದೆ, ಒಳಗಿನ ಹತ್ತಿಯಂಥ ಪದರ ಒದ್ದೆ. ಜುಲೈ ತಿಂಗಳ ನಮ್ಮೂರಿನ ಹವೆಯಲ್ಲಿ ಆ ಒದ್ದೆ ಮನೆಗೆ ಹೋದರೂ ಆರುವುದಿಲ್ಲ. ಎರಡು ದಿನ ಬಿಟ್ಟು ಒಬ್ಬರು ನಾಯಿಯ ತೊಡೆಯ ಮೇಲಿನ ಕೆಂಪು ಹುಣ್ಣಿನ ಫೋಟೋ ಕಳಿಸಿದರು. ತಪ್ಪು ನಮ್ಮದೇ.

ಬಾಕ್ಸ್ ಡ್ರೈಯರ್ ತಂದಿದ್ದು ಆಸೆಯಿಂದ. ನಾಯಿಯನ್ನು ಒಳಗೆ ಬಿಟ್ಟು ಟೈಮರ್ ತಿರುಗಿಸಿದರೆ ಆಯಿತು, ಅಷ್ಟರಲ್ಲಿ ಇನ್ನೊಂದು ನಾಯಿಯ ಸ್ನಾನ ಮುಗಿಸಬಹುದು ಅಂತ. ಮೂರನೇ ವಾರ ಒಂದು ಪಗ್ ಒಳಗಿತ್ತು. ಹೆಸರು ಲಡ್ಡು. ನಾನು ಎರಡಡಿ ದೂರದಲ್ಲೇ ಇದ್ದೆ. ಗಾಜಿನ ಮೇಲೆ ಉಸಿರಿನ ಮಂಜು ಕಟ್ಟಿತ್ತು. ನೋಡಿದರೆ ನಾಲಿಗೆ ಪೂರ್ತಿ ಹೊರಗೆ, ತುದಿ ಅಗಲ, ಬಣ್ಣ ಗಾಢ. ತಕ್ಷಣ ಹೊರಗೆ ತೆಗೆದು ಹೊಟ್ಟೆ, ಪಾದಕ್ಕೆ ನೀರು ಹಾಕಿ, ಫ್ಯಾನ್ ಕೆಳಗೆ ಮಲಗಿಸಿ, ಆಟೋ ಹಿಡಿದು ಡಾಕ್ಟರ್ ಹತ್ತಿರ ಓಡಿದೆವು. ಲಡ್ಡುಗೆ ಏನೂ ಆಗಲಿಲ್ಲ. ನಾಯಿ ಮೈಯಿಂದ ಬೆವರುವುದಿಲ್ಲ, ತೇಕಿಯೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಪಗ್, ಶಿಟ್ಸು ಥರದ ಚಪ್ಪಟೆ ಮೂತಿಯವಕ್ಕೆ ಅದೂ ಕಷ್ಟ. ಬಿಸಿಗಾಳಿಯ ಪೆಟ್ಟಿಗೆಯಲ್ಲಿ ಇಟ್ಟರೆ ಇನ್ನೇನಾಗುತ್ತದೆ? ಆ ಪೆಟ್ಟಿಗೆಯ ಪ್ಲಗ್ ಕತ್ತರಿಸಿ ಹಾಕಿದ್ದೇನೆ. ಈಗ ಅದರಲ್ಲಿ ಟವೆಲ್ ಇಡುತ್ತೇವೆ.

ಉಳಿದದ್ದು ಬ್ಲೋವರ್. ಇದು ಒಣಗಿಸುವುದಲ್ಲ, ನೀರನ್ನು ಹೊಡೆದು ಹಾರಿಸುವುದು. ನಮ್ಮದರಲ್ಲಿ ಗಾಳಿ ಬಿಸಿಯಾಗುವುದೂ ಮೋಟರ್ ಶಾಖದಿಂದಲೇ, ಅಷ್ಟು ಸಾಕು. ಗೋಲ್ಡನ್‌ಗೆ ಸ್ಟ್ಯಾಂಡ್ ಡ್ರೈಯರ್‌ನಲ್ಲಿ ಒಂದೂಕಾಲು ಗಂಟೆ ಹಿಡಿಯುತ್ತಿದ್ದದ್ದು ಇದರಲ್ಲಿ 35-40 ನಿಮಿಷ. ಉದುರುವ ಕೂದಲೂ ಇಲ್ಲೇ ಹಾರಿಹೋಗುತ್ತದೆ, ಗೋಡೆ, ಫ್ಯಾನು, ನನ್ನ ಬಾಯಿ ಎಲ್ಲಾ ಕಡೆ. ಸದ್ದು ಮಾತ್ರ ಭಯಂಕರ. ವೇಗ ತಿರುಗಿಸುವ ಗುಂಡಿ ಇರುವುದನ್ನೇ ತಗೊಳ್ಳಿ. ಆನ್-ಆಫ್ ಎರಡೇ ಇರುವುದು ಅಗ್ಗ, ಆದರೆ ಮೊದಲ ಸಲ ಬಂದ ನಾಯಿ ಎರಡನೇ ಸಲ ಬಾಗಿಲಲ್ಲೇ ಕೂತುಬಿಡುತ್ತದೆ. ಹಿಂಗಾಲಿನಿಂದ ನಿಧಾನಕ್ಕೆ ಶುರು ಮಾಡಬೇಕು. ಕಾಲುಚೀಲದ ಪಾದ ಕತ್ತರಿಸಿ, ಉಳಿದ ಕೊಳವೆಯನ್ನು ಕಿವಿ ಮುಚ್ಚುವ ಹಾಗೆ ತಲೆಗೆ ಏರಿಸುತ್ತೇವೆ. ಮುಖಕ್ಕೆ ಬ್ಲೋವರ್ ಬೇಡವೇ ಬೇಡ. ಅದಕ್ಕೆ ಸ್ಟ್ಯಾಂಡ್ ಡ್ರೈಯರ್ ಉಳಿಸಿಕೊಂಡಿದ್ದೇನೆ.

ಕರೆಂಟ್ ವಿಷಯ ಮರೆಯಬೇಡಿ. ನಮ್ಮ ಬ್ಲೋವರ್ 2800 ವ್ಯಾಟ್, ಅಂದರೆ ಸುಮಾರು 12 ಆಂಪ್. ಗೀಸರ್ 2000 ವ್ಯಾಟ್, ಸುಮಾರು 9 ಆಂಪ್. ಎರಡೂ ಒಂದೇ 16 ಆಂಪ್ ಲೈನಿನಲ್ಲಿದ್ದವು. ಒಟ್ಟಿಗೆ ಹಾಕಿದರೆ ಸ್ವಲ್ಪ ಹೊತ್ತಿಗೆ ಎಂಸಿಬಿ (ಲೋಡ್ ಜಾಸ್ತಿಯಾದರೆ ಕರೆಂಟ್ ಕಡಿಯುವ ಸ್ವಿಚ್) ಬೀಳುತ್ತಿತ್ತು. ಬೇರೆ ಬೇರೆ ಲೈನ್ ಎಳೆಸಿ, ಕರೆಂಟ್ ಸೋರಿದರೆ ತಕ್ಷಣ ಕಡಿಯುವ 30 ಮಿಲಿ ಆಂಪ್‌ನ ಆರ್‌ಸಿಸಿಬಿ ಹಾಕಿಸಿದೆ. ಒದ್ದೆ ಕೈ, ಒದ್ದೆ ನಾಯಿ ಇರುವ ಕಡೆ ಅದಿಲ್ಲದೆ ಕೆಲಸ ಮಾಡುವುದು ಹುಚ್ಚುತನ. ಬ್ಲೋವರ್ ನಿಂತರೆ ಹೊಸದು ಕೊಳ್ಳುವ ಮುಂಚೆ ಮಿಕ್ಸಿ ರಿಪೇರಿಯವರ ಹತ್ತಿರ ತಗೊಂಡು ಹೋಗಿ. ನಮ್ಮದು ಎರಡು ಸಲ ನಿಂತಾಗಲೂ ಸವೆದಿದ್ದದ್ದು ಕಾರ್ಬನ್ ಬ್ರಷ್ ಅಷ್ಟೇ.

ಟೇಬಲ್

ಮಡಚುವ ಟೇಬಲ್ ಶಿಟ್ಸು, ಪೊಮೇರಿಯನ್‌ಗೆ ಪರವಾಗಿಲ್ಲ. ದೊಡ್ಡ ನಾಯಿ ಮೈ ಕೊಡವಿದರೆ ಟೇಬಲ್ಲೂ ಕೊಡವುತ್ತದೆ. ಮನೆಗೇ ಹೋಗಿ ಗ್ರೂಮಿಂಗ್ ಮಾಡುವವರಿಗೆ ಅದೇ ಸರಿ.

ಹೈಡ್ರಾಲಿಕ್ ಅಂದರೆ ಕಾಲಿನಲ್ಲಿ ಪೆಡಲ್ ಒತ್ತಿ ಏರಿಸುವುದು. ಗಟ್ಟಿ, ಕರೆಂಟ್ ಬೇಡ. ಆದರೆ ನಮ್ಮದು ಎಷ್ಟು ಇಳಿಸಿದರೂ ನೆಲದಿಂದ ಒಂದೂಮುಕ್ಕಾಲು ಅಡಿ ಮೇಲೆಯೇ ನಿಲ್ಲುತ್ತದೆ. ಮುದಿ ಲ್ಯಾಬ್ರಡಾರ್‌ನ ಸೊಂಟ ಬಿದ್ದಿರುತ್ತದೆ, ಹಾರುವುದಿಲ್ಲ, ಎತ್ತಲೇಬೇಕು. ಎಲೆಕ್ಟ್ರಿಕ್ ಟೇಬಲ್ ಗೇಣುದ್ದಕ್ಕೆ ಇಳಿಯುತ್ತದೆ, ನಾಯಿ ನಡೆದುಕೊಂಡೇ ಹತ್ತುತ್ತದೆ. ಸದ್ದಿಲ್ಲದೆ ನಿಧಾನಕ್ಕೆ ಏರುತ್ತದೆ, ಅದಕ್ಕೆ ಗೊತ್ತೂ ಆಗುವುದಿಲ್ಲ. ಬಂದ ಮೊದಲ ವಾರವೇ ಹನ್ನೊಂದು ವರ್ಷದ ಬ್ರೂನೋ ಮೇಲಿದ್ದಾಗ ಕರೆಂಟ್ ಹೋಯಿತು. 38 ಕೆಜಿ. ಇಳಿಸಲು ನಾನು, ನಮ್ಮ ಹುಡುಗ, ಝೆರಾಕ್ಸ್ ಅಂಗಡಿಯವರು ಮೂವರೂ ಸೇರಬೇಕಾಯಿತು. ಆಮೇಲೆ ಎಲೆಕ್ಟ್ರಿಷಿಯನ್ ಹೇಳಿದರು, ಇದರ ಮೋಟರ್ ಸಣ್ಣದು, ಮನೆ ಇನ್ವರ್ಟರ್ ಸಾಕು ಅಂತ. ಹಾಗೇ ಮಾಡಿದೆ. ಬ್ಲೋವರ್ ಮಾತ್ರ ಅದರಲ್ಲಿ ಓಡುವುದಿಲ್ಲ. ಹೈಡ್ರಾಲಿಕ್‌ಗಿಂತ ಈ ಎಲೆಕ್ಟ್ರಿಕ್ ಟೇಬಲ್ಲಿಗೆ ಹೆಚ್ಚುಕಡಿಮೆ ಎರಡು ಪಟ್ಟು ಕೊಟ್ಟಿದ್ದೇನೆ. ನಿಮ್ಮಲ್ಲಿಗೆ ಬರುವುದು ಬರೀ ಸಣ್ಣ ನಾಯಿಗಳಾದರೆ ಇದು ದಂಡ.

ಯಾವ ಟೇಬಲ್ ಆದರೂ ಸರಿ, ನಾಯಿಯ ಕುತ್ತಿಗೆಗೆ ಟೇಬಲ್ಲಿನ ಕುಣಿಕೆ ಹಾಕಿ ಫೋನ್ ತಗೊಳ್ಳಲು ಆಚೆ ಹೋಗಬೇಡಿ. ಒಂದು ಜಿಗಿತ ಸಾಕು.

ಟ್ರಿಮ್ಮರ್ ವಿಷಯದಲ್ಲಿ ದೊಡ್ಡ ಜಗಳವಿಲ್ಲ. ವೈರ್ ಇರುವುದು ಮೈಗೆ, ವೈರ್ ಇಲ್ಲದ್ದು ಪಾದ, ಮುಖಕ್ಕೆ. ಎರಡಕ್ಕೂ ಒಂದೇ ಬ್ಲೇಡ್ ಕೂರುವ ಹಾಗೆ ನೋಡಿಕೊಳ್ಳಿ. 10 ನಂಬರ್ ಬ್ಲೇಡ್ 1.5 ಮಿಲಿಮೀಟರ್ ಕೂದಲು ಬಿಡುತ್ತದೆ, ಅದೇ ಜಾಸ್ತಿ ಬಳಕೆ, ಎರಡಿರಲಿ. ಒಂದು ಬಿಸಿಯಾದಾಗ ಇನ್ನೊಂದು. ಬಿಸಿ ಬ್ಲೇಡ್ ಹೊಟ್ಟೆಗೆ ತಾಗಿದರೆ ಬರೆ ಬೀಳುತ್ತದೆ, ಮೊದಲು ನಿಮ್ಮ ಮುಂಗೈಗೆ ಇಟ್ಟು ನೋಡಿ.

ಕೊನೆಗೆ ಗಾಜು. ನಾಯಿಯ ಮಾಲೀಕರು ನೋಡಲಿ ಅಂತ ಟೇಬಲ್ ಮುಂದೆ ಪೂರ್ತಿ ಗಾಜಿನ ಪಾರ್ಟಿಶನ್ ಹಾಕಿಸಿದ್ದೆ. ಅವರು ಆಚೆಯಿಂದ ‘ಚಿನ್ನೂ, ಬಂಗಾರೀ’ ಅನ್ನುವುದು, ಇವು ಕತ್ತರಿ ಮುಂದೆ ಕುಣಿಯುವುದು. ನಾಯಿಯ ಕಣ್ಣಿನ ಮಟ್ಟಕ್ಕೆ ಮಬ್ಬು ಸ್ಟಿಕ್ಕರ್ ಅಂಟಿಸಿದೆ. ಮಾಲೀಕರು ಈಗ ತುದಿಗಾಲಲ್ಲಿ ನಿಂತು ಮೇಲಿನಿಂದ ಇಣುಕುತ್ತಾರೆ.