ಟೆಲಿಮಾರ್ಕ್ ಕಲಿಯಲು ಯಾವ ಬೂಟು: 75 ಮಿ.ಮೀ. ಅಥವಾ ಎನ್‌ಟಿಎನ್?

ಹಿಮ್ಮಡಿ ಸಡಿಲವಾಗಿಯೇ ಇದ್ದು, ಮಂಡಿ ಬಗ್ಗಿಸಿ ತಿರುಗುವ ಈ ಸ್ಕೀಯಿಂಗ್ ಹುಟ್ಟಿದ್ದು ನಾರ್ವೆಯ ಟೆಲಿಮಾರ್ಕ್‌ನಲ್ಲಿ. ಹೊಸಬರು ಮೊದಲು ಬೂಟಿನ ಬಗೆ ಗೊತ್ತುಮಾಡಿಕೊಳ್ಳಬೇಕು: ಹಳೆಯ 75 ಮಿ.ಮೀ. ಬೇಕೋ, ಎನ್‌ಟಿಎನ್ (ನ್ಯೂ ಟೆಲಿಮಾರ್ಕ್ ನಾರ್ಮ್) ಎಂಬ ಹೊಸ ಬಗೆಯೋ. ಒಂದು ಬಗೆಯ ಬೂಟು ಇನ್ನೊಂದರ ಬೈಂಡಿಂಗ್‌ಗೆ, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿಗೆ, ಕೂರುವುದಿಲ್ಲ.

ದುಡ್ಡು ಉಳಿಸಬೇಕೆಂದರೆ 75 ಮಿ.ಮೀ. ಒಳ್ಳೆಯದು. ಬೂಟಿನ ಮುಂತುದಿ ಬಾತುಕೋಳಿ ಕೊಕ್ಕಿನ ಹಾಗೆ ಚಪ್ಪಟೆ, ಅದರ ಅಗಲವೇ ಈ 75 ಮಿ.ಮೀ. ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ. ಆದರೆ ಕೈಗೆತ್ತಿಕೊಂಡು ನೋಡಿ. ಬೆರಳ ಬುಡದ ಮೇಲಿನ ಮಡಿಕೆಗಳನ್ನು ಬಗ್ಗಿಸಿ, ಒಳಗೆ ಸಣ್ಣ ಬಿರುಕಿದ್ದರೂ ಬೇಡ. ಕೊಕ್ಕಿನಡಿಯ ಮೂರು ತೂತುಗಳು ಸವೆದು ಅಗಲವಾಗಿದ್ದರೆ ಮೂರು ಮೊಳೆಯ ಬೈಂಡಿಂಗ್‌ನಲ್ಲಿ ಬೂಟು ಗಟ್ಟಿಯಾಗಿ ನಿಲ್ಲುವುದಿಲ್ಲ.

ಎನ್‌ಟಿಎನ್ ಬಂದದ್ದು 2007ರಲ್ಲಿ. ಬೆಲೆ ಜಾಸ್ತಿ, ಹಳೆಯದು ಸಿಗುವುದೂ ಕಡಿಮೆ. ಆದರೆ ಪಕ್ಕಕ್ಕೆ ಹಿಡಿತ ಚೆನ್ನಾಗಿದೆ, ಲಿಫ್ಟ್ ಇರುವ ಗಟ್ಟಿ ಹಿಮದ ಇಳಿಜಾರಿಗೆ ಇದು ಹಿತ. ಕೆಲವು ಮಾದರಿಯ ಬೈಂಡಿಂಗ್‌ಗಳು ನೀವು ಬಿದ್ದಾಗ ಬೂಟನ್ನು ಬಿಟ್ಟುಕೊಡುತ್ತವೆ. ಹೆಚ್ಚಿನ 75ರವು ಬಿಡುವುದಿಲ್ಲ. ಮಂಡಿಗೆ ಹಿಂದೆ ಪೆಟ್ಟಾಗಿದ್ದರೆ ನಾನಂತೂ ಇದಕ್ಕೇ ಹೆಚ್ಚು ಬೆಲೆ ಕೊಡುತ್ತೇನೆ. ಎಲ್ಲ ಎನ್‌ಟಿಎನ್‌ಗಳಲ್ಲೂ ಈ ಸೌಲಭ್ಯವಿಲ್ಲ, ಕೇಳಿಯೇ ಕೊಳ್ಳಿ.

ಕಾಡುದಾರಿಯಲ್ಲಿ ನಿಧಾನ ನಡೆಯುತ್ತಾ ಸಣ್ಣ ಇಳಿಜಾರು ಇಳಿಯುವ ಆಸೆಯೇ? ಹಗುರವಾದ 75 ಸಾಕು. ಮುಂದೆ ವರ್ಷಗಟ್ಟಲೆ ರೆಸಾರ್ಟ್‌ನಲ್ಲೇ ಆಡುವವರು ಎನ್‌ಟಿಎನ್‌ಗೆ ಖರ್ಚು ಮಾಡಬಹುದು. ಇನ್ನೂ ಮನಸ್ಸು ಗಟ್ಟಿಯಾಗಿಲ್ಲ ಅಲ್ವಾ? ಎರಡು ದಿನ ಬಾಡಿಗೆಗೆ ತನ್ನಿ. ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ, ಮೊದಲೇ ಫೋನ್ ಮಾಡಿ.